ಅಜ್ಜಿ ಅಚ್ಚಾಗಿಲ್ಲ

ಚಕ್ರವನ್ನು ಕಂಡುಹಿಡಿದದ್ದು ಯಾವಾಗ? ಶಾಲೆಯ ಪುಸ್ತಕ ಏನೇ ಹೇಳಲಿ, ಸರ್ಕಾರಿ ಕಾಗದದ ಪ್ರಕಾರ 2001ರಲ್ಲಿ. ಆ ವರ್ಷ ಆಸ್ಟ್ರೇಲಿಯಾದ ವಕೀಲನೊಬ್ಬ 'ವೃತ್ತಾಕಾರದ ಸಾಗಾಟ ಸಹಾಯಕ ಸಾಧನ' ಎಂದು ಗಂಭೀರವಾಗಿ ಹೆಸರಿಟ್ಟು ಅರ್ಜಿ ಹಾಕಿದ. ಹೊಸದನ್ನು ಕಂಡುಹಿಡಿದವರಿಗೆ ಅದರ ಹಕ್ಕು ಬರೆದುಕೊಡುವ ಪೇಟೆಂಟ್ ಕಚೇರಿ ಅಷ್ಟೇ ಗಂಭೀರವಾಗಿ ಠಸ್ಸೆ ಒತ್ತಿತು. ಪುಣ್ಯಕ್ಕೆ ಆತ ಸೈಕಲ್ಲು ಹೊಡೆಯುವವರ ಹಿಂದೆ ರಾಯಧನ ಕೇಳಿಕೊಂಡು ಓಡಲಿಲ್ಲ. ಪರೀಕ್ಷೆಯೇ ಇಲ್ಲದೆ ಪೇಟೆಂಟ್ ಕೊಡುವ ಹೊಸ ಪದ್ಧತಿ ಎಷ್ಟು ಪೊಳ್ಳು ಅಂತ ತೋರಿಸಬೇಕಿತ್ತು, ತೋರಿಸಿದ. ಇಗ್ ನೊಬೆಲ್ ಎಂಬ ತಮಾಷೆ ಬಹುಮಾನವನ್ನು ಅವನಿಗೂ ಪೇಟೆಂಟ್ ಕಚೇರಿಗೂ ಜಂಟಿಯಾಗಿ ಕೊಟ್ಟರು.

ಅವನದು ತಮಾಷೆ. ಉಳಿದವರು ತಮಾಷೆ ಮಾಡುತ್ತಿಲ್ಲ ಅನ್ನುವುದೇ ತೊಂದರೆ.

1995ರಲ್ಲಿ ಅಮೆರಿಕದ ಪೇಟೆಂಟ್ ಕಚೇರಿ ಎರಡು ಮಹಾ ಸಂಶೋಧನೆಗಳನ್ನು ಒಪ್ಪಿಕೊಂಡಿತು. ಒಂದು, ಲೇಸರ್ ಬೆಳಕನ್ನು ಅಲ್ಲಿ ಇಲ್ಲಿ ಆಡಿಸಿ ಬೆಕ್ಕಿಗೆ ವ್ಯಾಯಾಮ ಮಾಡಿಸುವ ವಿಧಾನ. ಇನ್ನೊಂದು, ಅರಿಶಿನದಿಂದ ಗಾಯ ಮಾಯಿಸುವ ವಿಧಾನ. ಬೆಕ್ಕು ತಕರಾರು ಮಾಡಲಿಲ್ಲ. ಅರಿಶಿನದ ಕಡೆಯವರು ಮಾಡಿದರು.

ಅರಿಶಿನದ ಪೇಟೆಂಟ್ ಸಿಕ್ಕಿದ್ದು ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ. ಅದರಲ್ಲಿ ಹೆಸರಿದ್ದ ಇಬ್ಬರೂ ಸಂಶೋಧಕರು ಭಾರತ ಮೂಲದವರು. ಹಾಗಾಗಿ ಈ ಮದ್ದನ್ನು ಅವರು ಕಂಡದ್ದು ಪ್ರಯೋಗಾಲಯದಲ್ಲೋ, ಮೊಣಕಾಲು ತರಚಿಕೊಂಡು ಅಳುತ್ತಾ ಮನೆಗೆ ಬಂದ ದಿನವೋ, ಹೇಳುವುದು ಕಷ್ಟ. ಭಾರತದ ಸಿಎಸ್‌ಐಆರ್ ಎಂಬ ಸರ್ಕಾರಿ ವಿಜ್ಞಾನ ಸಂಶೋಧನಾ ಸಂಸ್ಥೆ ತಕರಾರು ಅರ್ಜಿ ಹಾಕಿತು. ಹಳೆಯ ಸಂಸ್ಕೃತ ಗ್ರಂಥಗಳಿಂದ ಹಿಡಿದು 1953ರ ವೈದ್ಯಕೀಯ ಪತ್ರಿಕೆಯ ಲೇಖನದವರೆಗೆ 32 ದಾಖಲೆ ಒಟ್ಟುಮಾಡಿ ಮೇಜಿನ ಮೇಲಿಟ್ಟಿತು. 1997ರಲ್ಲಿ ಪೇಟೆಂಟ್ ಬಿದ್ದುಹೋಯಿತು.

32 ದಾಖಲೆ ಯಾಕೆ ಬೇಕಿತ್ತು? ಒಬ್ಬ ಅಜ್ಜಿಯನ್ನು ವಿಮಾನ ಹತ್ತಿಸಿ ಕಳಿಸಿದ್ದರೆ ಸಾಕಾಗುತ್ತಿತ್ತಲ್ವಾ? ಸಾಕಾಗುತ್ತಿರಲಿಲ್ಲ. ಆಗಿನ ಅಮೆರಿಕದ ಕಾನೂನು ಬಹಳ ಸೊಗಸಾಗಿತ್ತು. ಒಂದು ವಿಷಯ ಅಮೆರಿಕದ ಒಳಗೆ ಜನರಿಗೆ ಗೊತ್ತಿದ್ದರೆ, ಬಳಕೆಯಲ್ಲಿದ್ದರೆ, ಅದು ಹಳೆಯದು, ಪೇಟೆಂಟ್ ಇಲ್ಲ. ಹೊರದೇಶದ್ದಾದರೆ ಜನರಿಗೆ ಗೊತ್ತಿದ್ದರೆ ಸಾಲದು. ದಿನಾ ಬಳಸುತ್ತಿದ್ದರೂ ಸಾಲದು. ಅದು ಆಗಲೇ ಪೇಟೆಂಟ್ ಆಗಿರಬೇಕು, ಇಲ್ಲವೇ ಎಲ್ಲಾದರೂ ಅಚ್ಚಾಗಿರಬೇಕು. 2011ರ ತಿದ್ದುಪಡಿ 2013ರಲ್ಲಿ ಜಾರಿಗೆ ಬರುವವರೆಗೂ ಇದೇ ನಿಯಮ.

ಅಂದರೆ ಕೋಟ್ಯಂತರ ಹೆಂಗಸರು ತಲೆತಲಾಂತರದಿಂದ ಮಕ್ಕಳ ಗಾಯಕ್ಕೆ ಅರಿಶಿನ ಹಚ್ಚಿದ್ದು ಆ ಕಾನೂನಿನ ಕಣ್ಣಿಗೆ ನಡೆದೇ ಇಲ್ಲ. ಯಾಕೆಂದರೆ ಅಜ್ಜಿ ಅಚ್ಚಾಗಿಲ್ಲ. ಪುಟ ಸಂಖ್ಯೆ ಇದ್ದರೆ ಜ್ಞಾನ, ಇಲ್ಲದಿದ್ದರೆ ಅಡಗೂಲಜ್ಜಿ ಕತೆ. ಅದೇ ಕತೆಯನ್ನು ಬಿಳಿ ಕೋಟು ಹಾಕಿಕೊಂಡವನು ಹೇಳಿದರೆ ಸಂಶೋಧನೆ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನಿಜವೇ. ಬೇಲಿ ಹಾರಿ ಬಂದವನು ಕಿತ್ತುಕೊಂಡು ಹೋಗಿ ಸೀಸೆಗೆ ತುಂಬಿದ ಮೇಲೆ ಮದ್ದಾಗುತ್ತದೆ.

ಬೇವಿನ ಕತೆಗೆ ಬರೋಣ. ಡಬ್ಲ್ಯು. ಆರ್. ಗ್ರೇಸ್ ಎಂಬ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆ ಸೇರಿ, ಬೇವಿನ ಎಣ್ಣೆಯಿಂದ ಗಿಡಗಳ ಬೂಷ್ಟು ರೋಗ ತಡೆಯುವ ವಿಧಾನ ತಮ್ಮದು ಎಂದರು. 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಹೌದೌದು ಎಂದಿತು. ತಕರಾರು ತೆಗೆದವರಲ್ಲಿ ಮುಂದೆ ನಿಂತದ್ದು ಮೂವರು ಹೆಂಗಸರು: ಭಾರತದ ವಂದನಾ ಶಿವ, ಬೆಲ್ಜಿಯಂನ ಮಗ್ದಾ ಆಲ್ವೂಟ್, ಸಾವಯವ ಕೃಷಿಕರ ಅಂತರರಾಷ್ಟ್ರೀಯ ಒಕ್ಕೂಟದ ಲಿಂಡಾ ಬುಲಾರ್ಡ್. ಬೇವಿನಿಂದ ಹೀಗೆ ಎಣ್ಣೆ ತೆಗೆಯುವುದು ನಮಗೆ ಮೊದಲೇ ಗೊತ್ತಿತ್ತು ಎಂದು ಭಾರತದಿಂದ ಕಾರ್ಖಾನೆಯವರೊಬ್ಬರು ಹೋಗಿ ಸಾಕ್ಷಿ ಹೇಳಬೇಕಾಯಿತು. 2000ನೇ ಇಸವಿಯ ಮೇ ತಿಂಗಳಲ್ಲಿ ಪೇಟೆಂಟ್ ರದ್ದು. ಆಮೇಲೆ ಮೇಲ್ಮನವಿ. ಅದು ವಜಾ ಆದದ್ದು 2005ರ ಮಾರ್ಚ್ 8ರಂದು.

ತಾರೀಕು ನೋಡಿದಿರಾ? ಮಹಿಳಾ ದಿನ. ಮೂವರು ಹೆಂಗಸರನ್ನು ಹತ್ತು ವರ್ಷ ಮೆಟ್ಟಿಲು ಹತ್ತಿಸಿ ಇಳಿಸಿ, ಸರಿಯಾಗಿ ಹೂಗುಚ್ಛ ಕೊಡುವ ದಿನವೇ ತೀರ್ಪು ಕೊಟ್ಟ ಕಚೇರಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಯಾರು? ಗೆದ್ದು ಸಿಕ್ಕಿದ್ದೇನು ಎಂದರೆ, ಮೊದಲೂ ಎಲ್ಲರದಾಗಿದ್ದ ಬೇವು ಮತ್ತೆ ಎಲ್ಲರದಾಯಿತು. ಕಳುವಾದ ಕೊಡ ವಾಪಸ್ ಬಂತು. ವಕೀಲರ ಖರ್ಚು ಕೊಡ ಕಳೆದುಕೊಂಡವರದ್ದೇ.

ಈ ಆಟ ಹೊಸದೇನಲ್ಲ. 18ನೇ ಶತಮಾನದ ಆರಂಭದಲ್ಲಿ ಸಿಬಿಲ್ಲಾ ಮಾಸ್ಟರ್ಸ್ ಎಂಬುವರು ಪೆನ್ಸಿಲ್ವೇನಿಯಾದಿಂದ ಸಮುದ್ರ ದಾಟಿ ಲಂಡನ್ನಿಗೆ ಹೋಗಿದ್ದರು. ಮೆಕ್ಕೆಜೋಳವನ್ನು ಬೀಸುವ ಬದಲು ಕುಟ್ಟಿ ಹಸನು ಮಾಡುವ ಯಂತ್ರವೊಂದನ್ನು ಅವರು ಯೋಚಿಸಿದ್ದರು. 1715ರಲ್ಲಿ ರಾಜ ಮೊದಲನೇ ಜಾರ್ಜ್ ಮೆಚ್ಚಿ ಪೇಟೆಂಟ್ ಕೊಟ್ಟ. ಯಾರಿಗೆ? ಸಿಬಿಲ್ಲಾ ಅವರ ಗಂಡ ಥಾಮಸ್‌ಗೆ. ಕಂಡುಹಿಡಿದದ್ದು ಇವನ ಹೆಂಡತಿ ಅಂತ ಅದೇ ಕಾಗದದಲ್ಲಿ ಬರೆದೂ ಇದೆ! ಬರೆದು, ಒಪ್ಪಿ, ಗಂಡನ ಕೈಗೆ ಕೊಟ್ಟರು. ಇಷ್ಟು ಪ್ರಾಮಾಣಿಕವಾದ ಅನ್ಯಾಯ ಅಪರೂಪ.

ಇನ್ನೊಂದು ಮೆಟ್ಟಿಲು ಕೆಳಗಿಳಿಯೋಣ. ಜೋಳವನ್ನು ಮರದ ಒರಳಲ್ಲಿ ಹಾಕಿ ಕುಟ್ಟುವುದು ಅಲ್ಲಿನ ಮೂಲನಿವಾಸಿ ಹೆಂಗಸರ ದಿನದ ಕೆಲಸ. ಸಿಬಿಲ್ಲಾ ಆ ಹೆಂಗಸರನ್ನು ನೋಡಿಯೇ ಕಲಿತರು ಎನ್ನುತ್ತಾರೆ. ಕುಟ್ಟಿದವಳು ಒಬ್ಬಳು, ನೋಡಿ ಯಂತ್ರ ಮಾಡಿದವಳು ಇನ್ನೊಬ್ಬಳು, ರಾಜಮುದ್ರೆ ಮಾತ್ರ ಥಾಮಸನಿಗೆ. ಎಲ್ಲ ಪೇಟೆಂಟಿನ ಕೊನೆಯಲ್ಲೂ ಒಬ್ಬ ಥಾಮಸ್ ನಿಂತಿರುತ್ತಾನೋ ಏನೋ.

ಥಾಮಸನಿಗೆ ಜಾಗವೇ ಇಲ್ಲದ ಊರುಗಳು ಉತ್ತರಕ್ಕೆ ಸ್ವಲ್ಪ ದೂರದಲ್ಲೇ ಇದ್ದವು. ಹೊರಗಿನವರು ಇರೊಕ್ವಾ ಎಂದು ಕರೆದ, ತಮ್ಮನ್ನು ತಾವು ಹೋಡಿನೊಶೋನಿ ಎಂದುಕೊಳ್ಳುವ ಜನ. ಅವರಲ್ಲಿ ಹೊಲ ಹೆಂಗಸರದು. ಹೊಲದ ಜೋಳ, ಅವರೆ, ಕುಂಬಳ ಹೆಂಗಸರದು. ಉದ್ದನೆಯ ಮನೆಯೂ ಹೆಂಗಸರದು, ಮದುವೆಯಾದ ಗಂಡು ಬಂದು ಅಲ್ಲಿ ಇರುತ್ತಾನೆ. ಸರಿಬರದಿದ್ದರೆ ಅವನ ಗಂಟುಮೂಟೆ ಬಾಗಿಲಾಚೆ ಇಡುತ್ತಾರೆ, ವಿಚ್ಛೇದನ ಮುಗಿಯಿತು. ಮುಖಂಡನನ್ನು ಆರಿಸುವುದು ಕುಲದ ತಾಯಂದಿರು. ಅವನು ದಾರಿ ತಪ್ಪಿದರೆ ಇಳಿಸುವವರೂ ಅವರೇ. ಮುಖಂಡನ ಪದವಿಯ ಗುರುತು ಜಿಂಕೆಯ ಕೊಂಬು, ಹಾಗಾಗಿ ಇಳಿಸುವುದಕ್ಕೆ 'ಕೊಂಬು ತೆಗೆಯುವುದು' ಎನ್ನುತ್ತಾರೆ. ಕೊಂಬು ಬಂದವರನ್ನು ನಾವೂ ದಿನಾ ನೋಡುತ್ತೇವೆ, ತೆಗೆಯುವ ವ್ಯವಸ್ಥೆ ಮಾತ್ರ ಇಲ್ಲ. ಯುದ್ಧಕ್ಕೆ ಹೊರಟವರಿಗೆ ಹೆಂಗಸರು ಬುತ್ತಿ ಮತ್ತು ಪಾದರಕ್ಷೆ ಕೊಡದಿದ್ದರೆ ಯುದ್ಧವೇ ನಿಂತುಹೋಗುತ್ತಿತ್ತಂತೆ.

ಅಲ್ಲೇನು ಸ್ವರ್ಗ ಇತ್ತು ಅಂತ ನಾನು ಹೇಳುತ್ತಿಲ್ಲ. ಬಿಸಿಲಲ್ಲಿ ಹೊಲ ಗೆಯ್ಯುವ ಕೆಲಸ ಎಲ್ಲಿದ್ದರೂ ಬಿಸಿಲಿನದ್ದೇ. ಆದರೆ ಗೌರವ ಅಂದರೆ ಅವರಿಗೆ ಹಾರ ತುರಾಯಿ ಆಗಿರಲಿಲ್ಲ. ಪಹಣಿ ಯಾರ ಹೆಸರಲ್ಲಿದೆ ಅಂತ ಕೇಳುತ್ತಿದ್ದರು. ನಾವು ನದಿಗೆ, ನೆಲಕ್ಕೆ, ದೇಶಕ್ಕೆ, ಭಾಷೆಗೆ ಎಲ್ಲಕ್ಕೂ ತಾಯಿ ಎಂದು ಹೆಸರಿಟ್ಟು ಕೈಮುಗಿದು, ಖಾತೆ ಮಾತ್ರ ಮಗನ ಹೆಸರಿಗೆ ಮಾಡಿಸುವವರು.

ಹೋಡಿನೊಶೋನಿಗಳನ್ನು ನೋಡಿ ಕಲಿತವರು ಒಬ್ಬರಿದ್ದರು. ಮಟಿಲ್ಡಾ ಜೋಸ್ಲಿನ್ ಗೇಜ್, ನ್ಯೂಯಾರ್ಕ್ ರಾಜ್ಯದವರು, ಹೆಂಗಸರಿಗೆ ವೋಟು ಬೇಕು ಎಂದು ಹೋರಾಡಿದವರು. ಹೆಂಗಸರ ಆವಿಷ್ಕಾರಗಳು ಗಂಡಸರ ಹೆಸರಿಗೆ ಹೋಗುತ್ತಿವೆ ಎಂದು 1870ರಲ್ಲೇ ಬರೆದರು. ಹೆಂಗಸರು ಮಾಡಿದ ವಿಜ್ಞಾನದ ಕೀರ್ತಿ ಗಂಡಸರಿಗೆ ಸಿಗುವುದನ್ನು ಈಗ 'ಮಟಿಲ್ಡಾ ಪರಿಣಾಮ' ಎಂದೇ ಕರೆಯುತ್ತಾರೆ. 1893ರಲ್ಲಿ ಶಾಲಾ ಮಂಡಳಿ ಚುನಾವಣೆಗೆ ವೋಟು ಹಾಕಲು ಹೋದದ್ದಕ್ಕೆ ಅವರ ಮೇಲೆ ಕೇಸು ಬಿತ್ತು. ಅದೇ ವರ್ಷ ಹೋಡಿನೊಶೋನಿಗಳಲ್ಲೇ ಒಂದು ಪಂಗಡವಾದ ಮೊಹಾಕ್ ಜನ ಅವರನ್ನು ತಮ್ಮ ತೋಳ ಕುಲಕ್ಕೆ ಸೇರಿಸಿಕೊಂಡರು. ಮಕ್ಕಳ ಶಾಲೆಗೆ ಸದಸ್ಯರನ್ನು ಆರಿಸುವ ಬುದ್ಧಿ ಇಲ್ಲ ಎಂದು 'ನಾಗರಿಕರು' ತೀರ್ಮಾನಿಸಿದ ಹೆಂಗಸು, 'ಕಾಡುಜನ'ರ ಕಣ್ಣಿಗೆ ಮುಖಂಡರನ್ನೇ ಆರಿಸುವ ಕುಲದವರಾದರು.

ಹೆಂಗಸರ ತಿಳಿವಳಿಕೆಯನ್ನು ಕದ್ದರೆ ಒಂದು ಕಷ್ಟ. ಕದಿಯಲು ಯೋಗ್ಯವಲ್ಲ ಎಂದುಕೊಂಡರೆ ಇನ್ನೂ ಕಷ್ಟ. ಅದಕ್ಕೂ ಈ ಜೋಳವೇ ಸಾಕ್ಷಿ.

ಕೊಲಂಬಸ್ ನಂತರ ಮೆಕ್ಕೆಜೋಳ ಹಡಗು ಹತ್ತಿ ಯುರೋಪಿಗೆ ಹೋಯಿತು. ಅದನ್ನು ಬೇಯಿಸುವ ಹೆಂಗಸರ ತಿಳಿವಳಿಕೆ ದಡದಲ್ಲೇ ಉಳಿಯಿತು. ಮೆಕ್ಸಿಕೋ ಕಡೆಯ ಹೆಂಗಸರು ಕಾಳನ್ನು ಸುಣ್ಣದ ನೀರಲ್ಲಿ ಕುದಿಸಿ, ರಾತ್ರಿಯೆಲ್ಲ ನೆನೆಯಲು ಬಿಟ್ಟು, ತೊಳೆದು ಆಮೇಲೆ ಅರೆಯುತ್ತಿದ್ದರು. ಕಾಳಿನೊಳಗೆ ಕಟ್ಟುಬಿದ್ದಿರುವ ನಯಾಸಿನ್ ಎಂಬ ಜೀವಸತ್ವ ಸುಣ್ಣ ತಾಗಿದರೆ ಬಿಡಿಸಿಕೊಂಡು ಮೈಗೆ ಹತ್ತುತ್ತದೆ. ಒಯ್ದವರಿಗೆ ಇದೆಲ್ಲ ಹೆಂಗಸರ ಮಡಿ ಮೈಲಿಗೆಯ ಹಾಗೆ ಕಂಡಿರಬೇಕು. ಕಾಳು ಒಯ್ದರು, ಸುಣ್ಣ ಬಿಟ್ಟರು.

1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಬಡವರಲ್ಲಿ ಒಂದು ಹೊಸ ರೋಗ ಕಂಡ. ಇಟಲಿಯವರು ಅದನ್ನು ಪೆಲ್ಲಾಗ್ರ ಎಂದರು. ಚರ್ಮ ಸುಲಿಯುತ್ತದೆ, ಭೇದಿ ನಿಲ್ಲುವುದಿಲ್ಲ, ಬುದ್ಧಿ ಕೆಡುತ್ತದೆ, ಕೊನೆಗೆ ಸಾವು. ಜೋಳ ಕೊಳೆತಿದೆ ಎಂದರು. ಸೋಂಕು ಎಂದರು. ಬಡವರ ವಂಶವೇ ಹಾಗೆ ಎಂದೂ ಅಂದರು. 20ನೇ ಶತಮಾನದ ಮೊದಲ ನಾಲ್ಕು ದಶಕಗಳಲ್ಲಿ ಅಮೆರಿಕದಲ್ಲಿ, ಅದರಲ್ಲೂ ದಕ್ಷಿಣದ ರಾಜ್ಯಗಳಲ್ಲಿ, ಅಂದಾಜು 30 ಲಕ್ಷ ಜನರಿಗೆ ಇದು ತಗುಲಿತು, ಸುಮಾರು 1 ಲಕ್ಷ ಜನ ಸತ್ತರು. ನಯಾಸಿನ್ ಕೊಟ್ಟರೆ ವಾಸಿಯಾಗುತ್ತದೆ ಎಂದು ಗೊತ್ತಾದದ್ದು 1937ರಲ್ಲಿ. ಇನ್ನೂರು ವರ್ಷ ತಲೆ ಕೆಡಿಸಿಕೊಂಡರು. ಒರಳ ಮುಂದೆ ಕೂತವಳ ಹತ್ತಿರ ಹೋಗಿ, 'ಅಕ್ಕಾ, ಈ ಸುಣ್ಣ ಯಾಕೆ?' ಎಂದು ಒಬ್ಬನೂ ಕೇಳಲಿಲ್ಲ. ಅವಳಿಗೆ ನಯಾಸಿನ್ ಎಂಬ ಹೆಸರು ಗೊತ್ತಿರಲಿಲ್ಲ, ಒಪ್ಪುತ್ತೇನೆ. ಅವಳ ಮಕ್ಕಳ ಚರ್ಮ ಸುಲಿಯುತ್ತಿರಲಿಲ್ಲ, ಅಷ್ಟೇ.

ಕೇಳುವ ಅಭ್ಯಾಸ ಇಲ್ಲದವರ ಕೈಗೆ ಪೇಟೆಂಟ್ ಸಿಕ್ಕರೆ ಏನಾಗುತ್ತದೆ ಎಂದು ನೋಡಬೇಕಾದರೆ 1965ಕ್ಕೆ ಬನ್ನಿ. ನ್ಯೂಯಾರ್ಕಿನ ದಂಪತಿಗೆ ಹೆರಿಗೆ ಯಂತ್ರವೊಂದಕ್ಕೆ ಪೇಟೆಂಟ್ ಸಿಕ್ಕಿತು. ಹೆರುವ ಹೆಂಗಸನ್ನು ಮೇಜಿಗೆ ಪಟ್ಟಿ ಬಿಗಿದು ಕಟ್ಟುವುದು. ಮೇಜನ್ನು ಗಿರ್ರನೆ ತಿರುಗಿಸುವುದು. ತಿರುಗುವ ರಭಸಕ್ಕೆ ಮಗು ಹೊರಬರುತ್ತದೆ. ಹಾರಿಹೋಗದಂತೆ ಹಿಡಿಯಲು ಬಲೆ ಇದೆ. ಸುಮ್ನೆ ಹೇಳುತ್ತಿಲ್ಲ, ಬಲೆಯ ಚಿತ್ರವೂ ಇದೆ. ಮೈಮುರಿದು ದುಡಿಯುವ 'ಆದಿಮ' ಜನರ ಹೆಂಗಸರು ಸಲೀಸಾಗಿ ಹೆರುತ್ತಾರೆ, ನಾಗರಿಕ ಹೆಂಗಸರಿಗೆ ಆ ಸ್ನಾಯುಬಲ ಇಲ್ಲ, ಅದಕ್ಕೆ ಈ ಯಂತ್ರ ಎಂದು ಅರ್ಜಿಯಲ್ಲೇ ವಿವರಿಸಿದ್ದಾರೆ. ಹಾಗಿದ್ದರೆ ಆ ಹೆಂಗಸರ ಸೂಲಗಿತ್ತಿಯನ್ನು ಕೇಳಬಹುದಿತ್ತಲ್ಲ? ಮೋಟಾರು ತಂದರು. ಅರ್ಜಿಯಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆ. 1715ರಿಂದ ಅಷ್ಟು ಪ್ರಗತಿ.

ಹೊರಗಿನಿಂದ ತಿರುಗಿಸಿದ್ದು ಸಾಲದೆ ಒಳಗೂ ಹೋದರು. ಮಿರಿಯಡ್ ಜೆನೆಟಿಕ್ಸ್ ಎಂಬ ಕಂಪನಿ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ ಎರಡು ಜೀನ್‌ಗಳ ಮೇಲೆ ಪೇಟೆಂಟ್ ಹಿಡಿದಿತ್ತು. ಅಮೆರಿಕದಲ್ಲಿ ಪರೀಕ್ಷೆಗೆ 3000 ಡಾಲರಿಗೂ ಜಾಸ್ತಿ. ಇನ್ನೊಂದು ಲ್ಯಾಬಿನಲ್ಲಿ ತೋರಿಸಿ ಖಚಿತ ಮಾಡಿಕೊಳ್ಳೋಣ ಎಂದರೆ ದಾರಿ ಇಲ್ಲ. ಬಾವಿಯಿಂದ ಒಂದು ಕೊಡ ಸೇದಿದವನು ನೀರನ್ನೇ ನಾನು ಕಂಡುಹಿಡಿದೆ ಎಂದ ಹಾಗೆ. 2013ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು, ಪ್ರಕೃತಿಯಲ್ಲಿರುವ ಡಿಎನ್‌ಎಯನ್ನು ಬೇರ್ಪಡಿಸಿದ ಮಾತ್ರಕ್ಕೆ ಪೇಟೆಂಟ್ ಇಲ್ಲ ಎಂದರು. ಪ್ರಯೋಗಾಲಯದಲ್ಲಿ ತಯಾರಿಸಿದ ಡಿಎನ್‌ಎಗೆ ಬಾಗಿಲು ತೆರೆದೇ ಇಟ್ಟರು. ಆಸ್ಟ್ರೇಲಿಯಾದಲ್ಲಿ ಕ್ಯಾನ್ಸರ್ ಕಂಡಿದ್ದ ಇವೊನ್ ಡಾರ್ಸಿ ಎಂಬ ಹೆಂಗಸು ಇದೇ ಕಂಪನಿಯ ವಿರುದ್ಧ ಕೋರ್ಟಿಗೆ ಹೋಗಿ, ಕೆಳಗಿನ ಎರಡು ಕೋರ್ಟುಗಳಲ್ಲಿ ಸೋತು, 2015ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನಲ್ಲಿ ಗೆದ್ದರು. ಚಕ್ರಕ್ಕೆ ಪೇಟೆಂಟ್ ಕೊಟ್ಟ ದೇಶ ಅದು, ಮರೆಯಬೇಡಿ.

ಈಗ ಎಲ್ಲ ಸರಿಹೋಗುತ್ತಿದೆಯಂತೆ. ಭಾರತ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರು ಮಾಡಿತು. ಹಳೆಯ ವೈದ್ಯಗ್ರಂಥಗಳಲ್ಲಿರುವುದನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಜಪಾನಿ ಭಾಷೆಗಳಿಗೆ ಇಳಿಸಿ ಪೇಟೆಂಟ್ ಪರೀಕ್ಷಕರ ಕಣ್ಣಮುಂದೆ ಇಟ್ಟಿದೆ. ಒಳ್ಳೆಯ ಕೆಲಸ, ತಮಾಷೆಯಲ್ಲ. ಆದರೆ ಗ್ರಂಥದಲ್ಲಿರುವುದು ಗ್ರಂಥ ಬರೆದವರಿಗೆ ಗೊತ್ತಿದ್ದದ್ದು. ಬರೆದವರು ಹೆಚ್ಚಾಗಿ ಗಂಡಸರು. ಅಜ್ಜಿ ಇಲ್ಲೂ ಅಚ್ಚಾಗಿಲ್ಲ.

2024ರ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಒಪ್ಪಂದವೊಂದು ಅಂಗೀಕಾರವಾಯಿತು. ಗಿಡಮೂಲಿಕೆ, ಅದರ ಜ್ಞಾನ ಬಳಸಿ ಪೇಟೆಂಟ್ ಕೇಳುವವರು ಅದನ್ನು ಎಲ್ಲಿಂದ, ಯಾವ ಜನರಿಂದ ತಂದೆವು ಎಂದು ಹೇಳಬೇಕು. ಈ ಮಾತು ಎದ್ದದ್ದು 1999ರಲ್ಲಿ. 'ಎಲ್ಲಿಂದ ತಂದೆ?' ಎಂಬ ಪ್ರಶ್ನೆಯನ್ನು ಕಳ್ಳನಿಗೆ ಕೇಳಬಹುದು ಎಂದು ಒಪ್ಪಲು 25 ವರ್ಷ. ಹೇಳದೇ ಹೋದರೆ? ಮೋಸದ ಉದ್ದೇಶ ಇದ್ದರೆ ಮಾತು ಬೇರೆ. ಬರೀ ಹೇಳಲಿಲ್ಲ ಎಂಬ ಕಾರಣಕ್ಕೆ ಪೇಟೆಂಟ್ ರದ್ದು ಮಾಡುವಂತಿಲ್ಲ. ಮೂಲ ಯಾವುದೂ ತಿಳಿದಿಲ್ಲದಿದ್ದರೆ, ತಿಳಿದಿಲ್ಲ ಎಂದೇ ಬರೆದುಕೊಡಲೂ ಅವಕಾಶ ಇದೆ.

ಆ ಅರ್ಜಿ ಹೇಗಿರಬಹುದು ಎಂದು ಒಂದು ಹಾಳೆಯ ಮೇಲೆ ನಾನೇ ಬರೆದು ನೋಡಿದೆ. ಆವಿಷ್ಕಾರ: ಗಾಯಕ್ಕೆ ಅರಿಶಿನ. ಅಚ್ಚಾದ ದಾಖಲೆ: ಇಲ್ಲ. ತಿಳಿಸಿಕೊಟ್ಟವರು: ಅಜ್ಜಿ. ಅವರಿಗೆ ತಿಳಿಸಿಕೊಟ್ಟವರು: ಅವರ ಅಜ್ಜಿ. ಅವರಿಗೆ? ಅಷ್ಟರಲ್ಲಿ ಹಾಳೆ ಮುಗಿಯಿತು. ಹೆಚ್ಚುವರಿ ಹಾಳೆಗೆ ಪ್ರತ್ಯೇಕ ಶುಲ್ಕ ಇರುತ್ತದಂತೆ.