ಗಾಳಿ ಬೀಸುವ ದಿಕ್ಕೂ ದೇಶದ ಗುಟ್ಟಂತೆ

ಗೆಳೆಯನೊಬ್ಬ ಹಾಕಿದ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿಗೆ ಬಂದ ಹಿಂಬರಹ ಈಗಷ್ಟೇ ಓದಿದೆ. ಮೈ ಉರೀತಿದೆ. ಅವನು ಕೇಳಿದ್ದು ಇಷ್ಟೇ: ಮನೆ ಹತ್ತಿರದ ಕೆಮಿಕಲ್ ಕಾರ್ಖಾನೆಯಲ್ಲಿ ಗ್ಯಾಸ್ ಸೋರಿದರೆ ಜನ ಯಾವ ಕಡೆ ಹೋಗಬೇಕು, ಎಲ್ಲಿ ಸೇರಬೇಕು ಅಂತ ಬರೆದಿಟ್ಟಿರುವ ಆಫ್‌-ಸೈಟ್ ಎಮರ್ಜೆನ್ಸಿ ಪ್ಲ್ಯಾನ್‌ನ ಪ್ರತಿ. ಬಂದದ್ದು ಒಂದೂವರೆ ಸಾಲು. ಕಲಂ 8(1)(ಎ) ಅಡಿ ಮಾಹಿತಿ ನೀಡಲು ಬರುವುದಿಲ್ಲ. ಕೆಳಗೆ ಸೀಲು, ಸೀಲಿನ ಮೇಲೆ ಓದಲಾಗದ ಸಹಿ.

8(1)(ಎ) ಅಂದ್ರೆ ದೇಶದ ಸಾರ್ವಭೌಮತ್ವ, ಭದ್ರತೆ, ವಿದೇಶಗಳ ಜೊತೆಗಿನ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿ. ಸ್ಕೂಲ್ ಮೈದಾನಕ್ಕೆ ಓಡಿ ಅಂತ ಹೇಳಿದರೆ ಯಾವ ದೇಶ ಮುನಿಸಿಕೊಳ್ಳುತ್ತೆ ಸ್ವಾಮಿ?

ನಾನು ಇಷ್ಟು ವರ್ಷ ಸೇಫ್ಟಿ ಡಿಪಾರ್ಟ್‌ಮೆಂಟಿನಲ್ಲೇ ಕೂದಲು ಬೆಳ್ಳಗಾದವನು, ನಿಮಗೆ ಗೊತ್ತಲ್ವಾ. ಇಂಥ ಪ್ಲ್ಯಾನ್‌ಗಳಲ್ಲಿ ಏನಿರುತ್ತೆ ಅಂತ ಯಾರೂ ನನಗೆ ಹೇಳಬೇಕಾಗಿಲ್ಲ. ಯಾವ ಕೆಮಿಕಲ್, ಸೋರಿದರೆ ಎಷ್ಟು ದೂರ ಹರಡಬಹುದು, ಸೈರನ್ ಹೇಗೆ ಕೂಗುತ್ತೆ, ಆಂಬುಲೆನ್ಸ್ ಯಾವ ರಸ್ತೆಯಲ್ಲಿ ಬರುತ್ತೆ. ಕೊನೆಯಲ್ಲಿ ಫೋನ್ ನಂಬರ್‌ಗಳ ಪಟ್ಟಿ. ಇದನ್ನೆಲ್ಲ ಯಾರಿಗೋಸ್ಕರ ಬರೀತಾರೆ? ಬೀರುವಿಗಾ?

ಭೋಪಾಲ್‌ನಲ್ಲಿ ಆಗಿದ್ದೂ ಇದೇ. 1984ರ ಡಿಸೆಂಬರ್ ರಾತ್ರಿ ಹೊರಗಿನ ಸೈರನ್ ಸ್ವಲ್ಪ ಹೊತ್ತು ಕೂಗಿ ನಿಂತುಹೋಯಿತು. ಜನ ಗಾಳಿಯ ಜೊತೆಗೇ, ಗ್ಯಾಸ್ ಹೋಗುವ ಕಡೆಗೇ ಓಡಿದರು. ಒದ್ದೆ ಬಟ್ಟೆ ಮುಖಕ್ಕೆ ಹಿಡ್ಕೊಳ್ಳಿ ಅಂತ ಮೊದಲೇ ಯಾರೂ ಹೇಳಿರಲಿಲ್ಲ. ಆಸ್ಪತ್ರೆಯ ಡಾಕ್ಟರುಗಳಿಗೇ ಅದು ಯಾವ ಗ್ಯಾಸ್ ಅಂತ ಗೊತ್ತಿರಲಿಲ್ಲ. ಆಮೇಲೆ 1989ರಲ್ಲಿ ನಮ್ಮಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ಏನು ಅಪಾಯ ಇದೆ, ಅನಾಹುತ ಆದಾಗ ಏನು ಮಾಡಬೇಕು, ಏನು ಮಾಡಬಾರದು ಅಂತ ಕಾರ್ಖಾನೆಯ ಹೊರಗಿರುವ ಜನರಿಗೂ ತಿಳಿಸಬೇಕು ಅಂತ ಅದರಲ್ಲೇ ಇದೆ. ಅಂದ್ರೆ ಅರ್ಜಿ ಹಾಕದೆಯೇ ಸಿಗಬೇಕಾಗಿದ್ದನ್ನು ನನ್ನ ಗೆಳೆಯ ಅರ್ಜಿ ಹಾಕಿ ಕೇಳಿದ. ಅದಕ್ಕೂ ಇಲ್ಲ.

ಈಗ ಒಬ್ಬರು ಬರ್ತಾರೆ ಕಾಮೆಂಟಿಗೆ, ಭಯೋತ್ಪಾದಕರ ಕೈಗೆ ಸಿಕ್ಕಿದರೆ ಅಂತ. ಸರಿ, ಟ್ಯಾಂಕಿನ ವಾಲ್ವ್ ಎಲ್ಲಿದೆ, ಗಾರ್ಡ್‌ಗಳು ಎಷ್ಟು ಜನ ಅನ್ನೋದನ್ನ ಮುಚ್ಚಿಡಿ, ಬೇಡ ಅನ್ನಲ್ಲ. ಆರ್‌ಟಿಐ ಕಲಂ 10 ಇರುವುದೇ ಅದಕ್ಕೆ: ಕೊಡಬಾರದ್ದನ್ನು ಬೇರೆ ಮಾಡಿ ಉಳಿದದ್ದು ಕೊಡಿ. ಪೂರ್ತಿ ಫೈಲ್ ಮೇಲೆ ಕೂತ್ಕೊಳ್ಳಿ ಅಂತ ಎಲ್ಲಿ ಬರೆದಿದೆ?

ಈ ಚಾಳಿ ನಮ್ಮವರದ್ದು ಮಾತ್ರ ಅಲ್ಲ ಬಿಡಿ. ಭೋಪಾಲ್ ನೋಡಿ ಹೆದರಿದ ಅಮೆರಿಕ 1986ರಲ್ಲೇ ಜನರಿಗೆ ಇಂಥ ಮಾಹಿತಿ ಸಿಗಲಿ ಅಂತ ಕಾನೂನು ಮಾಡಿತು. 2013ರಲ್ಲಿ ಟೆಕ್ಸಾಸ್‌ನ ವೆಸ್ಟ್ ಅನ್ನೋ ಊರಲ್ಲಿ ಗೊಬ್ಬರದ ಗೋದಾಮು ಸಿಡಿದು 15 ಜನ ಸತ್ತರು. ಹೆಚ್ಚಿನವರು ಬೆಂಕಿ ಆರಿಸಲು ಹೋದವರು. ಅದಾದ ಮಾರನೇ ವರ್ಷ ಅಲ್ಲಿನ ಅಟಾರ್ನಿ ಜನರಲ್ ಗ್ರೆಗ್ ಅಬಾಟ್, ಎಲ್ಲೆಲ್ಲಿ ಯಾವ ಕೆಮಿಕಲ್ ಇದೆ ಅನ್ನೋ ಸರ್ಕಾರದ ಪಟ್ಟಿ ಗೋಪ್ಯ ಅಂತ ತೀರ್ಪು ಕೊಟ್ಟರು. ಜನ ಕೇಳಿದ್ದಕ್ಕೆ, ಗಾಡೀಲಿ ಓಡಾಡಿದರೆ ಕಾರ್ಖಾನೆ ಎಲ್ಲಿದೆ ಅಂತ ಗೊತ್ತಾಗುತ್ತೆ, ಕಾರ್ಖಾನೆಯವರನ್ನೇ ಕೇಳಿ ಅನ್ನೋ ಅರ್ಥದ ಸಲಹೆ. ಭಯೋತ್ಪಾದಕನಿಗೆ ಗಾಡಿ ಓಡಿಸಲು ಬರಲ್ಲ ಪಾಪ.

ಇನ್ನೊಂದು ಹೇಳಿಬಿಡ್ತೀನಿ. ಈ ಸಿಟ್ಟೆಲ್ಲ ಬರೀ ತತ್ವಕ್ಕಲ್ಲ. ನನ್ನ ತಂಗಿ ಇರೋದೂ ಅದೇ ಬಡಾವಣೆಯಲ್ಲಿ. ಮೊನ್ನೆ ಫೋನಿನಲ್ಲಿ "ಅಣ್ಣಾ, ಸೈರನ್ ಕೂಗಿದ್ರೆ ಕಿಟಕಿ ಹಾಕ್ಕೊಂಡು ಒಳಗಿರ್ಬೇಕಾ, ಹೊರಗೆ ಓಡ್ಬೇಕಾ?" ಅಂತ ಕೇಳಿದಳು. ಯಾವ ಗ್ಯಾಸ್ ಅಂತ ಗೊತ್ತಿಲ್ಲದೆ ಏನಂತ ಹೇಳಲಿ?

ನನಗೆ ಅನುಮಾನ ಇರುವುದು ಬೇರೆ. ಗುಟ್ಟು ಮಾಡ್ತಿರೋದು ಪ್ಲ್ಯಾನನ್ನಲ್ಲ, ಅದನ್ನು ಯಾರೂ ಸರಿಯಾಗಿ ತಿದ್ದಿಲ್ಲ ಅನ್ನೋದನ್ನ. ನಾಳೆ ಮೊದಲ ಮೇಲ್ಮನವಿ ಹಾಕ್ತಿದ್ದೇವೆ. ಬೇರೇನು ಕೊಡದಿದ್ದರೂ ಆ ಫೋನ್ ನಂಬರ್ ಪಟ್ಟಿಯನ್ನಂತೂ ಕೊಡಿ ಅಂತ ಕೇಳ್ತೀವಿ. ಅದರಲ್ಲಿ ಎಷ್ಟು ಜನ ಈಗಾಗಲೇ ರಿಟೈರ್ ಆಗಿದ್ದಾರೆ ನೋಡೋಣ.