ಐವತ್ತು ಕಾಗದಗಳಾದ ಮೇಲೆ

ನಮ್ಮ ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ಮುಂಬಯಿಯಲ್ಲಿದ್ದ ದೊಡ್ಡ ಮಾವನಿಗೆ ಕಾಗದ ಬರೆಸಬೇಕಾದಾಗ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಳ್ಳುತ್ತಿದ್ದರು. ನೀಲಿ ಇನ್‌ಲ್ಯಾಂಡ್ ಲೆಟರ್. ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ನಾನೇ ಹಾಕುತ್ತಿದ್ದೆ. ಆಮೇಲೆ ಅಜ್ಜಿ ಹೇಳುತ್ತಾ ಹೋಗುತ್ತಿದ್ದರು. “ಈ ಸಲ ಮಳೆ ಜಾಸ್ತಿ ಅಂತ ಬರಿ. ಗೌರಿ ಕರು ಹಾಕ್ತು ಅಂತ ಬರಿ. ಹಲಸಿನ ಹಪ್ಪಳ ಮಾಡಿಟ್ಟಿದೀನಿ ಅಂತ ಬರಿ.” ಬಂದು ಹೋಗು ಎಂದು ಒಂದು ಸಲವೂ ಬರೆಸಲಿಲ್ಲ. ಹಪ್ಪಳದ ಸಾಲಿನಲ್ಲೇ ಅದು ಇತ್ತು ಎಂದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ, ಜಪಾನಿನ ಒಸಾಕಾದ ಬಾಡಿಗೆ ಮನೆಯಲ್ಲಿ ಒಂದು ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಸರಣಿ, ನೋಡುವಾಗ.

ಆ ಸರಣಿಯ ಹೆಸರು ‘ವಯೊಲೆಟ್ ಎವರ್‌ಗಾರ್ಡನ್’. ಕ್ಯೋಟೊ ಆನಿಮೇಷನ್ ಎಂಬ ಸ್ಟುಡಿಯೋ ಮಾಡಿದ್ದು. 2018ರ ಜನವರಿಯಿಂದ ಏಪ್ರಿಲ್‌ವರೆಗೆ 13 ಕಂತುಗಳಲ್ಲಿ ಬಂತು. ಯುದ್ಧದಲ್ಲಿ ಎರಡೂ ಕೈ ಕಳೆದುಕೊಂಡ ಹುಡುಗಿ ವಯೊಲೆಟ್. ಲೋಹದ ಕೈಗಳಿಂದ ಟೈಪ್‌ರೈಟರ್ ಒತ್ತಿ, ಬೇರೆಯವರ ಪರವಾಗಿ ಕಾಗದ ಬರೆಯುವ ಕೆಲಸಕ್ಕೆ ಸೇರುತ್ತಾಳೆ. ಅವಳನ್ನು ಸಾಕಿದ ಮೇಜರ್ ಗಿಲ್ಬರ್ಟ್ ಯುದ್ಧದ ಕೊನೆಯಲ್ಲಿ ‘ಐಶಿತೆರು’ ಎಂದಿರುತ್ತಾನೆ. ನಿನ್ನ ಮೇಲೆ ಪ್ರೀತಿ ಇದೆ ಎಂದು. ಆ ಮಾತಿನ ಅರ್ಥ ಅವಳಿಗೆ ಗೊತ್ತಿಲ್ಲ. ಜನ ಬಾಯಲ್ಲಿ ಹೇಳುವುದು ಒಂದು, ಹೇಳಬೇಕೆಂದಿರುವುದು ಇನ್ನೊಂದು. ಅದನ್ನು ಹುಡುಕಿ ಬರೆಯುತ್ತಾ ಬರೆಯುತ್ತಾ ಅವಳು ಪ್ರೀತಿ ಎಂದರೇನು ಎಂದು ಕಲಿಯುತ್ತಾಳೆ. ಗಿಲ್ಬರ್ಟ್ ಮಾತ್ರ ಸಿಗುವುದಿಲ್ಲ. ಎಲ್ಲರೂ ಅವನು ಸತ್ತನೆಂದೇ ತಿಳಿದಿದ್ದಾರೆ, ಆದರೆ ಹೆಣ ಸಿಕ್ಕಿಲ್ಲ. ಟಿ.ವಿ. ಸರಣಿ ಅಲ್ಲಿಗೇ ಮುಗಿಯುತ್ತದೆ.

ಮುಂದಿನ ಕಥೆ ಸಿನಿಮಾದಲ್ಲಿ ಬಂತು. ಇಲ್ಲಿ ಇದಕ್ಕೆ ‘ಗೆಕಿಜೋಬಾನ್’ ಅಂತಾರೆ, ಅಂದರೆ ಚಿತ್ರಮಂದಿರದ ಆವೃತ್ತಿ. ಜಪಾನಿನಲ್ಲಿ ಟಿ.ವಿ. ಅನಿಮೆಯನ್ನು ಹೆಚ್ಚಾಗಿ ಮೂರು ತಿಂಗಳ ಲೆಕ್ಕದಲ್ಲಿ ಕಟ್ಟುತ್ತಾರೆ, 12 ಅಥವಾ 13 ಕಂತು. ಆ ಅಳತೆಯಲ್ಲಿ ಹಿಡಿಸದೆ ಉಳಿದ ಕಥೆಗೆ ಸಿನಿಮಾ ಒಂದು ದಾರಿ. ಕೆಲವರು ಹಳೆ ಕಂತುಗಳನ್ನೇ ಸುಮ್ನೆ ಜೋಡಿಸಿ ಸಿನಿಮಾ ಎಂದು ಕೊಡುವುದೂ ಉಂಟು. ಅದು ನನಗೆ ಇಷ್ಟವಿಲ್ಲ. ‘ಎವಾಂಗೆಲಿಯನ್’ ಎಂಬ ಹಳೆಯ ಅನಿಮೆ ಸರಣಿಯ ತರಹದ್ದು ಬೇರೆ. 1996ರ ಮಾರ್ಚ್‌ನಲ್ಲಿ ಬಂದ ಅದರ ಕೊನೆಯ ಎರಡು ಕಂತುಗಳು ಕಥೆ ಬಿಟ್ಟು ಪಾತ್ರಗಳ ಮನಸ್ಸಿನೊಳಕ್ಕೆ ಹೊರಟುಹೋದವು. ನೋಡುಗರು ರೇಗಿದರು. 1997ರ ಜುಲೈನಲ್ಲಿ ಬಂದ ಸಿನಿಮಾ ಆ ಎರಡು ಕಂತುಗಳ ಜಾಗದಲ್ಲಿ ಇನ್ನೊಂದು ಮುಕ್ತಾಯ ಕಟ್ಟಿತು. ಧೈರ್ಯದ ಕೆಲಸ ಅದು. ಆದರೆ ಟಿ.ವಿ. ಸರಣಿಯ ಜೊತೆ ಅದರದ್ದು ಜಗಳ. ವಯೊಲೆಟ್ ಸಿನಿಮಾ ತನ್ನ ಸರಣಿಯನ್ನು ಪ್ರೀತಿಯಿಂದ ನೆನಪಿಟ್ಟುಕೊಂಡಿದೆ.

ಸರಣಿಯ ಹತ್ತನೇ ಕಂತಿನಲ್ಲಿ ಆನ್ ಎಂಬ ಏಳು ವರ್ಷದ ಹುಡುಗಿ ಬರುತ್ತಾಳೆ. ಅವಳ ಅಮ್ಮನಿಗೆ ವಾಸಿಯಾಗದ ಕಾಯಿಲೆ. ವಯೊಲೆಟ್ ಏಳು ದಿನ ಆ ಮನೆಯಲ್ಲಿದ್ದು ಅಮ್ಮ ಹೇಳಿದ್ದನ್ನು ಬರೆಯುತ್ತಾಳೆ. ಇರುವ ನಾಲ್ಕು ದಿನವನ್ನೂ ಅಮ್ಮ ಯಾರಿಗೋ ಬರೆಸುತ್ತಾ ಕಳೆಯುತ್ತಿದ್ದಾಳೆ ಎಂದು ಆನ್‌ಗೆ ಸಿಟ್ಟು. ಅಮ್ಮ ಹೋದ ಮೇಲೆ ಬರುವ ಹುಟ್ಟುಹಬ್ಬಕ್ಕೆ ಒಂದು ಕಾಗದ ಬರುತ್ತದೆ. ಅದರ ಮುಂದಿನ ವರ್ಷಕ್ಕೂ. ಒಟ್ಟು 50 ವರ್ಷಕ್ಕೆ 50 ಕಾಗದ. ಇದು ಒಂದೇ ಕಂತಿನ ಕಥೆ.

ಸಿನಿಮಾ ಶುರುವಾಗುವುದು ಇಲ್ಲಿಂದ! ಗಿಲ್ಬರ್ಟ್‌ನಿಂದ ಅಲ್ಲ, ಯುದ್ಧದಿಂದ ಅಲ್ಲ. ಎರಡು ತಲೆಮಾರು ಕಳೆದಿದೆ. ಆನ್ ಅಜ್ಜಿಯಾಗಿ ತೀರಿಕೊಂಡಿದ್ದಾಳೆ. ಮೊಮ್ಮಗಳು ಡೈಸಿಗೆ ಆ ಕಾಗದಗಳ ಕಟ್ಟು ಸಿಗುತ್ತದೆ. ಇದನ್ನು ಬರೆದ ಹೆಂಗಸು ಯಾರು ಎಂದು ಹುಡುಕಿಕೊಂಡು ಹೊರಡುತ್ತಾಳೆ. ಸರಣಿ ನೋಡಿದವರಿಗೆ ಆ ಮನೆಯ ಬಾಗಿಲು ಕಂಡ ಕೂಡಲೇ ಗಂಟಲು ಕಟ್ಟುತ್ತದೆ. ನಾವು ಕಂಡ ಪುಟ್ಟ ಹುಡುಗಿ ಐವತ್ತೂ ಕಾಗದ ಓದಿ, ಬದುಕಿ, ಮುಗಿಸಿದಳು ಎಂದು ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ. ಇಂಥ ಮುಕ್ತಾಯ ಬರೆಯಬೇಕಾದರೆ ಕಥೆಯ ಸಣ್ಣ ಪಾತ್ರಗಳ ಮೇಲೂ ಅಷ್ಟೇ ಅಕ್ಕರೆ ಇರಬೇಕು, ಅಲ್ವಾ? ಚಿತ್ರಕಥೆ ಬರೆದ ರೇಕೊ ಯೋಶಿದಾ ಮತ್ತು ನಿರ್ದೇಶಕ ತಾಯಿಚಿ ಇಶಿದಾತೆ ಅವರಿಗೆ ನಾನು ಮನಸಾರೆ ಕೈ ಮುಗಿಯುತ್ತೇನೆ.

ಮುಖ್ಯ ಕಥೆಯ ಬಗ್ಗೆ ನನಗೆ ತಕರಾರಿದೆ. ಗಿಲ್ಬರ್ಟ್ ಬದುಕಿದ್ದಾನೆ. ವಿಳಾಸ ಸಿಗದೆ ಅಂಚೆ ಕಚೇರಿಯಲ್ಲಿ ಉಳಿದ ಒಂದು ಕಾಗದದ ಕೈಬರಹದಿಂದ ಅದು ಗೊತ್ತಾಗುತ್ತದೆ. ದೂರದ ದ್ವೀಪದಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದಾನೆ. ಅವಳು ಅಷ್ಟು ದೂರ ಹೋದರೂ ಬಾಗಿಲು ತೆರೆಯುವುದಿಲ್ಲ. ಕೊನೆಗೆ ಅವಳು ಬರೆದ ಕಾಗದ ಓದಿ ಓಡಿ ಬರುತ್ತಾನೆ. ಅವನಿಲ್ಲದೆಯೂ ಬದುಕಲು ಕಲಿತಳು ಎಂಬುದೇ ಟಿ.ವಿ. ಸರಣಿಯ ಶಕ್ತಿಯಾಗಿತ್ತು. ಅದನ್ನು ಸಿನಿಮಾ ಸ್ವಲ್ಪ ಸಡಿಲ ಮಾಡಿತು ಎಂದೇ ಈಗಲೂ ನನ್ನ ಅನಿಸಿಕೆ.

ಆದರೆ ಅದೇ ಹೊತ್ತಿಗೆ ಯೂರಿಸ್ ಎಂಬ ಹುಡುಗನ ಕಥೆ ನಡೆಯುತ್ತಿರುತ್ತದೆ. ಆಸ್ಪತ್ರೆಯಲ್ಲಿ ಮಲಗಿದ್ದಾನೆ. ತಾನು ಹೋದ ಮೇಲೆ ಕೊಡಬೇಕೆಂದು ಅಪ್ಪ, ಅಮ್ಮ, ತಮ್ಮನಿಗೆ ಕಾಗದ ಬರೆಸಿದ್ದಾನೆ. ಗೆಳೆಯ ಲೂಕಸ್‌ಗೆ ಬರೆಸುವುದು ಬಾಕಿ. ಅಷ್ಟರಲ್ಲಿ ಸ್ಥಿತಿ ಬಿಗಡಾಯಿಸುತ್ತದೆ, ವಯೊಲೆಟ್ ದ್ವೀಪದಲ್ಲಿದ್ದಾಳೆ. ಆಗ ಅವಳ ಸಹೋದ್ಯೋಗಿಗಳು ಊರಿಗೆ ಹೊಸದಾಗಿ ಬಂದ ಟೆಲಿಫೋನ್ ಮೂಲಕ ಗೆಳೆಯನ ಧ್ವನಿ ಕೇಳಿಸುತ್ತಾರೆ. ತಮ್ಮ ಕೆಲಸ ಕಿತ್ತುಕೊಳ್ಳುವ ಯಂತ್ರ ಎಂದು ಅವರಲ್ಲೊಬ್ಬಳಾದ ಐರಿಸ್ ಬೈಯುತ್ತಿದ್ದ ಅದೇ ಟೆಲಿಫೋನ್. ಕಾಗದದ ಬಗ್ಗೆ 13 ಕಂತು ಮಾಡಿದವರು ಕಾಗದ ಸೋಲುವ ಗಳಿಗೆಯನ್ನೂ ಮರೆಮಾಚದೆ ತೋರಿಸಿದರು. ಸಿನಿಮಾ ನನ್ನನ್ನು ಗೆದ್ದದ್ದು ಅಲ್ಲಿ.

ಇದು ತೆರೆಗೆ ಬಂದದ್ದು 2020ರ ಸೆಪ್ಟೆಂಬರ್ 18ರಂದು. ಮೊದಲು ಅದೇ ವರ್ಷದ ಜನವರಿಯಲ್ಲಿ ಬರಬೇಕಿತ್ತು. 2019ರ ಜುಲೈ 18ರಂದು ಕ್ಯೋಟೊದ ಫುಶಿಮಿಯಲ್ಲಿದ್ದ ಕ್ಯೋಟೊ ಆನಿಮೇಷನ್‌ನ ಸ್ಟುಡಿಯೋಗೆ ಒಬ್ಬ ಬೆಂಕಿ ಇಟ್ಟ. 36 ಜನ ತೀರಿಕೊಂಡರು. ಆಮೇಲೆ ಕೊರೊನಾ. ಬೆಂಕಿಯ ಹಿಂದಿನ ದಿನವಷ್ಟೇ ಮುಗಿಸಿದ್ದ ಇದೇ ಸರಣಿಯ ಒಂದು ಉಪಕಥೆಯ ಸಿನಿಮಾ 2019ರ ಸೆಪ್ಟೆಂಬರ್‌ನಲ್ಲೇ ಬಂತು. ಕೆಲಸಕ್ಕೆ ಸೇರಿ ವರ್ಷ ತುಂಬದವರ ಹೆಸರನ್ನು ಸಾಮಾನ್ಯವಾಗಿ ಅವರು ಹಾಕುವುದಿಲ್ಲ. ಅದರಲ್ಲಿ ಅವರ ಹೆಸರನ್ನೂ ಹಾಕಿದರು.

ಇಲ್ಲಿನ ಚಿತ್ರಮಂದಿರದ ರೀತಿಯನ್ನೂ ಹೇಳಬೇಕು. ಸಿನಿಮಾ 140 ನಿಮಿಷ, ಇಂಟರ್‌ವಲ್ ಇಲ್ಲ. ಕೊನೆಯ ಹೆಸರು ಹೋಗಿ ದೀಪ ಹತ್ತುವವರೆಗೆ ಹೆಚ್ಚಿನವರು ಏಳುವುದಿಲ್ಲ. ನಮ್ಮಲ್ಲಿ ಹೆಸರುಗಳು ಶುರುವಾಗುತ್ತಿದ್ದಂತೆ ಚಪ್ಪಲಿ ಹುಡುಕುತ್ತೇವೆ, ಪಾರ್ಕಿಂಗ್‌ನಲ್ಲಿ ಗಾಡಿ ಸಿಕ್ಕಿಹಾಕಿಕೊಳ್ಳುವ ಮುಂಚೆ ಹೊರಡಬೇಕು. ನಮ್ಮ ಶಿಳ್ಳೆ, ಚಪ್ಪಾಳೆ ನನಗೆ ತುಂಬಾ ಇಷ್ಟ, ಇಲ್ಲಿ ಅದು ಇಲ್ಲ ಎಂದು ಬೇಜಾರೂ ಆಗುತ್ತದೆ. ಆದರೆ ಆ ದಿನ ಕತ್ತಲಲ್ಲಿ ಮಾಸ್ಕ್ ಹಾಕಿಕೊಂಡು ಕೂತವರ ಜೊತೆ ಒಂದೊಂದೇ ಹೆಸರು ನೋಡಿದೆ. ಏಳಲು ಮನಸ್ಸಾಗಲಿಲ್ಲ. ಯಕ್ಷಗಾನದಲ್ಲಿ ಮಂಗಳ ಹಾಡುವ ತನಕ ಕೂರುತ್ತಿದ್ದ ನಮ್ಮ ಅಜ್ಜ ನೆನಪಾದರು.

ನಮ್ಮ ಟಿ.ವಿ. ಧಾರಾವಾಹಿಗಳಿಗೂ ಇಂಥ ಒಂದು ಮಂಗಳ ಬೇಕು ಎಂಬುದು ನನ್ನ ಆಸೆ. ವಾರಕ್ಕೆ ಐದಾರು ದಿನ, ನೂರಾರು ಕಂತು ನಡೆಸುತ್ತಾರೆ. ಬರೆಯುವವರ, ನಟಿಸುವವರ ಶ್ರಮ ಕಡಿಮೆಯದಲ್ಲ. ಮುಗಿಸಲು ಮಾತ್ರ ಸಮಯ ಸಿಗುವುದಿಲ್ಲ. ರೇಟಿಂಗ್ ಬಿತ್ತು ಎಂದರೆ ಒಂದು ವಾರದಲ್ಲಿ ಮದುವೆ, ಕ್ಷಮೆ, ಗುಂಪು ಫೋಟೋ. ಮುಗಿದ ಮೇಲೆ ಆರು ತಿಂಗಳು ಬಿಟ್ಟು, ಎರಡು ಗಂಟೆಯ ಒಂದು ಸಿನಿಮಾ ಮಾಡಿದರೆ? ಚಿತ್ರಮಂದಿರ ಬೇಡ, ಭಾನುವಾರ ಮಧ್ಯಾಹ್ನ ಟಿ.ವಿ.ಯಲ್ಲೇ ಹಾಕಲಿ. ನಮ್ಮ ಅಮ್ಮ ಮೂರು ವರ್ಷ ಒಂದೇ ಧಾರಾವಾಹಿ ನೋಡಿದರು. ಅದು ಮುಗಿದ ದಿನ ಫೋನ್ ಮಾಡಿದಾಗ ನಾಯಕ ನಾಯಕಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. “ಆ ಅಡುಗೆಯವಳ ಮಗಳು ಪಿಯುಸಿ ಪರೀಕ್ಷೆ ಕಟ್ಟಿದ್ದಳಲ್ಲೋ, ಪಾಸಾದಳೋ ಇಲ್ಲವೋ ತೋರಿಸಲೇ ಇಲ್ಲ” ಎಂದರು. ಹೋದ ತಿಂಗಳು ಮತ್ತೆ ಅದನ್ನೇ ಕೇಳಿದರು.