ಗಡಿ ದಾಟಿದ ಟೀಚರ್‌ಗೆ ಗಣಿತ ಮರೆತುಹೋಗುತ್ತಾ?

ಕರ್ನಾಟಕದಲ್ಲಿ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾದವರು ಮಹಾರಾಷ್ಟ್ರಕ್ಕೆ ಹೋದರೆ, ಅಲ್ಲಿನ ಸರ್ಕಾರಿ ಶಾಲೆಗೆ ಆ ಸರ್ಟಿಫಿಕೇಟ್ ನಡೆಯುವುದಿಲ್ಲ. ಅಲ್ಲಿನ ಟಿಇಟಿ, ಇಲ್ಲವೇ ಕೇಂದ್ರ ಸರ್ಕಾರದ ಟಿಇಟಿಯಾದ ಸಿಟಿಇಟಿ ಮತ್ತೆ ಬರೆಯಬೇಕು. ಅಲ್ಲಿಂದ ಇಲ್ಲಿಗೆ ಬಂದವರದ್ದೂ ಇದೇ ಕಥೆ. ಭಾಷೆಯ ಪರೀಕ್ಷೆ ಬರೆಸಿದರೆ ನನ್ನ ತಕರಾರೇನೂ ಇಲ್ಲ, ಬರೆಸಲೇಬೇಕು. ಆದರೆ ಪಾಸಾದ ಗಣಿತವನ್ನೇ ಇನ್ನೊಂದು ಸಲ ಬರೆಸುವುದು ಯಾವ ಸೀಮೆ ನ್ಯಾಯ?

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಒಂದರಿಂದ ಎಂಟನೇ ಕ್ಲಾಸಿಗೆ ಪಾಠ ಮಾಡಲು ಡಿ.ಎಡ್. ಅಥವಾ ಬಿ.ಎಡ್. ಜೊತೆಗೆ ಟಿಇಟಿಯೂ ಬೇಕು ಅಂತ, ಶಿಕ್ಷಕರ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎನ್‌ಸಿಟಿಇ 2010ರಲ್ಲಿ ನಿಯಮ ತಂದಿತು. ಪರೀಕ್ಷೆ ಹೇಗಿರಬೇಕು ಅಂತ 2011ರಲ್ಲಿ ಮಾರ್ಗಸೂಚಿ ಕೊಟ್ಟಿತು. ಪ್ರೈಮರಿ ಪತ್ರಿಕೆಗೆ 150 ಅಂಕ. ಮಕ್ಕಳ ಬೆಳವಣಿಗೆ ಮತ್ತು ಬೋಧನೆ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಶೇ. 60 ಬಂದರೆ ಪಾಸ್. ಬೆಂಗಳೂರಲ್ಲಿ ಬರೆದರೂ ಪುಣೆಯಲ್ಲಿ ಬರೆದರೂ ಚೌಕಟ್ಟು ಒಂದೇ. ಮೊದಲು ಸರ್ಟಿಫಿಕೇಟಿಗೆ ಏಳು ವರ್ಷದ ಗಡುವಿತ್ತು, 2021ರಲ್ಲಿ ಜೀವನಪರ್ಯಂತ ಅಂತ ಮಾಡಿದರು. ಜೀವನಪರ್ಯಂತ ಹೌದು, ಆದರೆ ರಾಜ್ಯ ಬಿಟ್ಟು ಅಲ್ಲಾಡಬಾರದು!

ಊರು ಬಿಟ್ಟು ಹೋಗುವವರು ಯಾರು? ನಾನು ಕಂಡ ಹಾಗೆ ಹೆಣ್ಣುಮಕ್ಕಳೇ ಜಾಸ್ತಿ. ಮದುವೆ, ಇಲ್ಲ ಗಂಡನ ವರ್ಗಾವಣೆ. ನಮ್ಮ ಚಿಕ್ಕಮ್ಮನ ಮಗಳು ವಿಜಯಪುರದಲ್ಲಿ ಡಿ.ಎಡ್. ಮಾಡಿ, ಟಿಇಟಿ ಪಾಸಾಗಿ, ಮದುವೆಯಾಗಿ ಸೊಲ್ಲಾಪುರಕ್ಕೆ ಹೋದಳು. ದೂರ ಅಂದ್ರೆ ನೂರು ಕಿಲೋಮೀಟರ್ ಆಸುಪಾಸು. ಅವಳ ಹತ್ತಿರ ಒಂದು ಜಿಪ್ ಇರುವ ಪ್ಲಾಸ್ಟಿಕ್ ಫೈಲ್ ಇದೆ. ಮಾರ್ಕ್ಸ್ ಕಾರ್ಡಿನಲ್ಲಿ ತವರಿನ ಅಡ್ಡಹೆಸರು, ಆಧಾರಿನಲ್ಲಿ ಗಂಡನ ಮನೆಯದ್ದು. ಇಬ್ಬರೂ ಒಬ್ಬಳೇ ಅಂತ ಬಾಂಡ್ ಪೇಪರಿನ ಮೇಲೆ ಅಫಿಡವಿಟ್. ಕನ್ನಡದಲ್ಲಿದ್ದ ಒಂದು ಪ್ರಮಾಣಪತ್ರವನ್ನು ಕೌಂಟರಿನಲ್ಲಿ ಓದಲು ಬರದೆ ವಾಪಸ್ ಕೊಟ್ಟರಂತೆ, ಅದಕ್ಕೊಂದು ನೋಟರಿ ಮಾಡಿಸಿದ ಅನುವಾದ. ಎಲ್ಲದಕ್ಕೂ ಎರಡೆರಡು ಝೆರಾಕ್ಸ್. "ಅಣ್ಣಾ, ಇಷ್ಟೆಲ್ಲಾ ಮಾಡಿ ಕೊಟ್ಟ ಮ್ಯಾಲ ಟಿಇಟಿ ಮತ್ತ ಬರೀರಿ ಅಂದ್ರು ನೋಡು" ಅಂದಳು. ಸದ್ಯಕ್ಕೆ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಳೆ. ಸಂಬಳದ ವಿಷಯ ಕೇಳಬೇಡಿ.

ಅವಳದ್ದಾದರೂ ಪರವಾಗಿಲ್ಲ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯವರಿಗೆ ಶೇ. 55 ಬಂದರೆ ಪಾಸ್. ಆದರೆ ಜಾತಿ ಮೀಸಲಾತಿ ರಾಜ್ಯ ದಾಟುವುದಿಲ್ಲ ಅಂತ ಸುಪ್ರೀಂ ಕೋರ್ಟ್ 1990ರಲ್ಲೇ ಹೇಳಿದೆ. ವಲಸೆ ಹೋದ ರಾಜ್ಯದಲ್ಲಿ ಅವರು ಜನರಲ್. ಅಂದರೆ ಇಲ್ಲಿ ಪಾಸಾದ ಅದೇ ಅಂಕಕ್ಕೆ ಅಲ್ಲಿ ಫೇಲ್. ಇದನ್ನು ಯಾರೂ ಮಾತಾಡುವುದೇ ಇಲ್ಲ.

ಇನ್ನು ಭಾಷೆ. ಇಲ್ಲಿ ನಾನು ಕಟ್ಟುನಿಟ್ಟು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಮೇಷ್ಟ್ರನ್ನು ಹಾಕಿದಾಗ ಮಕ್ಕಳೂ ಪೋಷಕರೂ ಪ್ರತಿಭಟನೆಗೆ ಕೂತದ್ದು ನೆನಪಿದೆ ಅಲ್ವಾ? ಮೇಷ್ಟ್ರು ಹೇಳುವುದು ಮಕ್ಕಳಿಗೆ ತಿಳಿಯದಿದ್ದರೆ ಪಾಠ ಎಲ್ಲಿಂದ ಆಗಬೇಕು! ಕಾಗದದ ಮೇಲೆ ಅವರ ಅರ್ಹತೆ ಪಕ್ಕಾ ಇತ್ತು. ಅತ್ತ ಮಂಗಳೂರು ಕಡೆ ಓದಿದ ಕಾಸರಗೋಡಿನ ಕನ್ನಡದ ಹುಡುಗಿಯರು ತಮ್ಮ ಡಿಗ್ರಿ ಕೇರಳದ ಡಿಗ್ರಿಗೆ ಸಮ ಅಂತ ತತ್ಸಮಾನ ಪ್ರಮಾಣಪತ್ರ ಹಿಡಿದು ಓಡಾಡಬೇಕು. ಕಾಗದ ನೋಡುವುದರಲ್ಲಿ ಇರುವ ಚುರುಕು ಭಾಷೆ ನೋಡುವುದರಲ್ಲಿ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಸಣ್ಣದು. ಯಾವುದೇ ರಾಜ್ಯದ ಟಿಇಟಿ ಆಗಲಿ, ಕೇಂದ್ರದ ಸಿಟಿಇಟಿ ಆಗಲಿ, ಪಾಸಾದವರ ಭಾಷೆ ಬಿಟ್ಟು ಉಳಿದ ಅಂಕ ಒಪ್ಪಿಕೊಳ್ಳಿ. ಪಾಠ ಮಾಡುವ ಭಾಷೆಯ 30 ಅಂಕದ ಭಾಗ ಮಾತ್ರ ಬರೆಸಿ. ಬೇಕಾದರೆ ಅದನ್ನು ಈಗಿನದಕ್ಕಿಂತ ಕಷ್ಟ ಮಾಡಿ, ಒಂದು ಪಾಠ ಓದಿಸಿ, ಕರಿಹಲಗೆ ಮುಂದೆ ನಿಲ್ಲಿಸಿ ಮಾತಾಡಿಸಿ. ಸುಮ್ನೆ ನಾಲ್ಕು ಉತ್ತರದಲ್ಲಿ ಒಂದಕ್ಕೆ ಗೋಲ ತುಂಬಿಸಿದರೆ ಯಾರಿಗೆ ಕನ್ನಡ ಬರುತ್ತೆ ಅಂತ ಗೊತ್ತಾಗಲ್ಲ.

ಅಮೆರಿಕದಲ್ಲೂ ಒಂದೊಂದು ರಾಜ್ಯಕ್ಕೆ ಒಂದೊಂದು ಟೀಚಿಂಗ್ ಲೈಸೆನ್ಸ್. ಅಲ್ಲಿ ಸೈನಿಕರ ಹೆಂಡತಿಯರಾದ ಟೀಚರ್‌ಗಳಿಗೆ ಪ್ರತಿ ವರ್ಗಾವಣೆಗೂ ಇದೇ ಗೋಳು. 2023ರ ಹೊತ್ತಿಗೆ ಹತ್ತು ರಾಜ್ಯಗಳು ಸೇರಿ, ಒಬ್ಬರ ಲೈಸೆನ್ಸ್ ಇನ್ನೊಬ್ಬರು ಮಾನ್ಯ ಮಾಡುವ ಒಪ್ಪಂದಕ್ಕೆ ಬಂದವು. ನಮ್ಮಲ್ಲಿ ಪರೀಕ್ಷೆಯ ಚೌಕಟ್ಟೇ ಒಂದಿರುವಾಗ ಇದು ಇನ್ನೂ ಸುಲಭ ಆಗಬೇಕಿತ್ತು.

"ಹೊರಗಿನವರು ಬಂದು ನಮ್ಮ ಕೆಲಸ ಕಿತ್ಕೊಳ್ತಾರೆ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಟಿಇಟಿ ಅರ್ಹತೆ ಅಷ್ಟೇ, ಕೆಲಸ ಅಲ್ಲ. ನೇಮಕಾತಿಗೆ ಬೇರೆ ಸ್ಪರ್ಧಾತ್ಮಕ ಪರೀಕ್ಷೆ ಇದೆ, ಕಲ್ಯಾಣ ಕರ್ನಾಟಕದವರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ. ಅದ್ಯಾವುದನ್ನೂ ಮುಟ್ಟಿ ಅಂತ ನಾನು ಹೇಳ್ತಿಲ್ಲ.

ಇದನ್ನು ಈಗಲೇ ಎತ್ತಲು ಕಾರಣ ಇದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಹಳೇ ಮೇಷ್ಟ್ರುಗಳೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಅಂತ ತೀರ್ಪು ಕೊಟ್ಟಿತು. ಟಿಇಟಿ ಬರೆಯುವವರ ಸಾಲು ಇನ್ನೂ ಉದ್ದ ಆಗುತ್ತೆ. ಒಂದು ಸಲ ಪಾಸಾದವರನ್ನೂ ಅದೇ ಸಾಲಿನಲ್ಲಿ ನಿಲ್ಲಿಸುವ ಬದಲು, ಅವರಿಗೆ ಭಾಷೆಯ ಪತ್ರಿಕೆಯನ್ನಷ್ಟೇ ಕೊಟ್ಟು ಕಳಿಸಿದರೆ ಇಲಾಖೆಗೂ ಕೆಲಸ ಕಮ್ಮಿ.